ಆಕಸ್ಮಿಕವೆಂದು ಪಂಚರು ಹೇಳಿದರು

ತದಡಿ
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ದೀಕ್ಷಾಳ ಅಪ್ಪನಿಗೆ,

ಸಂಗೀತಾಳ ನಮಸ್ಕಾರ. ನಾನೂ ಅತ್ತೆಯೂ ಇದ್ದೇವೆ. ಚೌತಿಗೆ ಮುಂಚೆಯೇ ಬರೆಯಬೇಕೆಂದಿದ್ದೆ, ಕೈ ಏಳಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನೀವು "ಊಟ ಆತಾ" ಅನ್ನುತ್ತೀರಿ, ನಾನು "ಆತು" ಅನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಅದಕ್ಕೇ ಕಾಗದ ಬರೆಯಲು ಕುಳಿತೆ.

ಮಲ್ಪೆಯಲ್ಲಿ ಈ ಸಲ ಮೀನು ಹೇಗಿದೆ? ಇಲ್ಲಿ ಬಂಗಡೆ ಬರತೊಡಗಿದೆ. ಅತ್ತೆಗೆ ಮಂಡಿನೋವು ಹೆಚ್ಚಾಗಿದೆ, ಆದರೂ ಅಂಗಳ ಗುಡಿಸುವುದನ್ನು ಬಿಟ್ಟಿಲ್ಲ. ನನ್ನ ಅಂಗನವಾಡಿಗೆ ಹೊಸ ಮಕ್ಕಳು ಬಂದಿದ್ದಾರೆ. ಒಬ್ಬಳ ಹೆಸರೂ ದೀಕ್ಷಾ. ಹಾಜರಿ ಕರೆಯುವಾಗ ಅವಳದನ್ನು ಕೊನೆಗೆ ಕರೆಯುತ್ತೇನೆ.

ಮಗಳ ವರ್ಷಾಂತದ ತಿಥಿಯ ದಿನ ನೀವು ಹೊರಗೆ ಬಂದವರಿಗೆ ಬಡಿಸುತ್ತಿದ್ದಾಗ ಅತ್ತೆ ನನ್ನನ್ನು ಒಳಗೆ ಕರೆದು ಒಂದು ಮಾತು ಹೇಳಿದರು. "ಈ ಮನೇಲಿ ನೀರಿಗೆ ಹೋದವ್ಳು ನಿನ್ನ ಮಗಳೊಬ್ಬಳೇ ಅಲ್ಲ. ನನ್ನ ಅತ್ತೆನೂ ಹಾಗೇ ಹೋದವ್ಳು." ನಿಮ್ಮ ಅಜ್ಜಿ ಮಂಜಿ ಶರಾವತಿ ದಾಟುವಾಗ ತಾರಿ ದೋಣಿಯಿಂದ ಬಿದ್ದರೆಂದು ನೀವೇ ಹೇಳಿದ್ದಿರಿ. ಆದರೆ ಅತ್ತೆಯ ದನಿ ಬೇರೆ ಏನೋ ಹೇಳುತ್ತಿತ್ತು. ನೀವು ಮಲ್ಪೆಗೆ ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ.

ಕುಮಟೆಯಲ್ಲಿ ಮೀಟಿಂಗು ಮುಗಿಸಿ ಬರುವಾಗ ಒಂದು ಹಳೆಯ ವಾಚನಾಲಯಕ್ಕೆ ಹೋದೆ. ಅಲ್ಲಿ ಸ್ವಾತಂತ್ರ್ಯಕ್ಕೂ ಮುಂಚಿನಿಂದ ಬಂದ ವಾರಪತ್ರಿಕೆಗಳನ್ನೆಲ್ಲ ರಟ್ಟು ಹಾಕಿ ಇಟ್ಟಿದ್ದಾರೆ. ನೋಡಿಕೊಳ್ಳುವ ತ್ರ್ಯಂಬಕ ಹೆಗಡೆಯವರು "ಎಂತ ಹುಡುಕ್ತೆ ತಂಗಿ? ಯಾವ ವರ್ಷದ್ದು?" ಎಂದು ಕೇಳಿದರು. ವರ್ಷ ನನಗೆ ಸರಿಯಾಗಿ ಗೊತ್ತಿರಲಿಲ್ಲ. "ನೀರಿಗೆ ಬಿದ್ದು ಸತ್ತವರದ್ದು" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಹಂಗಾರೆ ಎಲ್ಲಾ ವರ್ಷದಲ್ಲೂ ಇದ್ದು."

ನಿಜ. ಬಾವಿ, ಹೊಳೆ, ಅದು ಕಡಲು ಸೇರುವ ಅಳವೆ, ಕೆರೆ. ಹೆಂಗಸರಾದರೆ ಕಾಲು ಜಾರಿ, ಇಲ್ಲವೇ ಹೊಟ್ಟೆನೋವು ತಾಳಲಾರದೆ. ನಾಲ್ಕಾರು ಶನಿವಾರ ಹೋಗಿ ಕುಳಿತೆ. ಕೊನೆಗೆ ೧೯೪೭ರ ಮಾರ್ಚ್ ತಿಂಗಳ ಒಂದು ಸಂಚಿಕೆಯಲ್ಲಿ, ತೆಂಗಿನಕಾಯಿಯ ಧಾರಣೆಗೂ ಕರ್ಕಿ ಮೇಳದ ಆಟದ ಜಾಹೀರಾತಿಗೂ ನಡುವೆ, ನಿಮ್ಮ ಅಜ್ಜಿ ಸಿಕ್ಕಿದರು. "ಮಂಕಿಯ ಮಂಜಿ ಕೋಂ ಜಟ್ಟ ಎಂಬ ಸುಮಾರು ಇಪ್ಪತ್ತನಾಲ್ಕು ವರ್ಷದ ಹೆಂಗಸು ನೀರು ಸೇದುವಾಗ ಕಾಲು ಜಾರಿ ಬಾವಿಯಲ್ಲಿ ಬಿದ್ದು ಮೃತಳಾದಳು. ಆಕಸ್ಮಿಕ ಮರಣವೆಂದು ಪಂಚರ ಅಭಿಪ್ರಾಯ. ಒಂದು ಗಂಡು ಮಗು ಇದೆ."

ಜಟ್ಟ ನಿಮ್ಮ ಅಜ್ಜ. ಆ ಗಂಡು ಮಗು ನಿಮ್ಮ ಅಪ್ಪ.

ಅದನ್ನು ಬರೆದುಕೊಂಡು ಬಂದು ಅತ್ತೆಗೆ ಓದಿ ಹೇಳಿದೆ. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ಹೇಳಿದರು, "ಆ ಬಾವಿಗೆ ಎದೆಮಟ ಕಟ್ಟೆ ಇತ್ತು ಮಗಾ. ನಿನ್ನ ಮಾವನೇ ನಂಗೆ ತೋರ್ಸಿದ್ದು. ಎಂತಾ ಜಾರೂದು ಅಲ್ಲಿ?"

"ಮತ್ತೆ ಹಾಗೆ ಯಾಕೆ ಬರೆಸಿದರು?"

"ಇಲ್ದಿದ್ರೆ ಹೆಣ ಕೊಯ್ತಿದ್ರು. ಊರಿನವ್ರು ಬಾಯಿಗೆ ಬಂದಂಗೆ ಆಡ್ತಿದ್ರು. ಹೊಳೇಲಿ ಹೋದ್ಲು ಅಂತ ಮಗನಿಗೆ ಹೇಳ್ದ್ರೆ ಅಂವ ಆ ಬಾವಿ ನೀರು ಕುಡೀತ, ಅದ್ಕೆ ಹಾಗೆ ಹೇಳಿದ್ರು."

ನಿಮ್ಮ ಅಜ್ಜಿಗೆ ಏನಾಗಿತ್ತು ಎಂದು ಕೇಳಿದೆ. "ಯಾರಿಗೆ ಗೊತ್ತು? ಕೇಳೂಕೆ ಹೋದವ್ರೇ ಇಲ್ಲ" ಎಂದರು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ನೀವು ಏಳು ವರ್ಷದವರಿದ್ದಾಗ ಅಳವೆಯಲ್ಲಿ ದೋಣಿ ಮಗುಚಿ ಮಾವ ಹೋದರಲ್ಲ, ಆ ಸುದ್ದಿಯನ್ನೂ ಹುಡುಕಿದೆ. ಅದರಲ್ಲೂ ಅದೇ ಮಾತು, ಆಕಸ್ಮಿಕ. ದೋಣಿಯಲ್ಲಿ ಅವರೊಬ್ಬರೇ ಇದ್ದರಂತೆ. ಅತ್ತೆಯ ಮುಖ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಅಂದು ಗಾಳಿ ಇತ್ತು. ದೋಣಿ ಮುಳುಗ್ತು. ಅಷ್ಟೇಯ. ಅದನ್ನೂ ಕೆದಕೂಕೆ ಹೋಗ್ಬೇಡ" ಎಂದು ಎದ್ದು ಹೋದರು. ಅಂದಿನಿಂದ ನನ್ನ ಕೈಯ ಊಟ ಅವರಿಗೆ ಸೇರುತ್ತಿಲ್ಲ. ಗಾಳಿ ಇದ್ದಿರಬಹುದು. ನಲವತ್ತಮೂರು ವರ್ಷ ಆ ಗಾಳಿಯನ್ನು ನಂಬಿ ಬದುಕಿದ ಮುದುಕಿಯ ಮುಂದೆ ನಾನು ಕಾಗದ ಹಿಡಿದು ನಿಂತೆ.

ಸತ್ತವರು ಹೇಗೆ ಸತ್ತರೆಂದು ಪೇಪರಿನಲ್ಲಿ ಎರಡು ಸಾಲಾದರೂ ಇದೆ. ಉಳಿದವರು ಮರುದಿನ ಹೇಗೆ ಎದ್ದರು, ಒಲೆ ಹೇಗೆ ಹೊತ್ತಿಸಿದರು ಎಂದು ಎಲ್ಲೂ ಇಲ್ಲ. ನಾನು ಹುಡುಕಲು ಹೋದದ್ದು ಅದನ್ನೇ. ಹಾಳೆ ಮಗುಚಿ ಮಗುಚಿ ಬೆರಳು ಕಪ್ಪಾಯಿತೇ ಹೊರತು ಸಿಗಲಿಲ್ಲ. ಇನ್ನು ಹೋಗುವುದಿಲ್ಲ.

ಗಾಳಿ ಜೋರಿದ್ದರೆ ದೋಣಿ ಹತ್ತಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ. ನೀವು ನಂಬಿದ ದೇವರು ನಿಮ್ಮನ್ನು ಕಾಯಲಿ. ನನಗೆ ಕೇಳಿಕೊಳ್ಳಲು ಮನಸ್ಸು ಬರುವುದಿಲ್ಲ, ಆದರೂ ನಿಮಗಾಗಿ ಕೇಳಿದ್ದೇನೆ.

ನಿಮ್ಮ
ಸಂಗೀತಾ

ತಾ.ಕ.: ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಅಂದು ಬಂಡೆಯ ಮೇಲೆ ದೀಕ್ಷಾಳ ಚಪ್ಪಲಿಗಳಿದ್ದವು. ಜೋಡಿಸಿ ಇಟ್ಟಿದ್ದಳು, ಕಿವಿಯ ಓಲೆ ಬಿಚ್ಚಿ ಒಂದರೊಳಗೆ ಇಟ್ಟಿದ್ದಳು. ಪೊಲೀಸರು ಬರುವ ಮೊದಲೇ ನೀವು ಅವನ್ನು ಟವೆಲಿನಲ್ಲಿ ಸುತ್ತಿಕೊಂಡಿರಿ. ಬಂಡೆಗೆ ಅಂಟಿದ ಚಿಪ್ಪಿಕಲ್ಲು ಆಯಲು ಹೋಗಿ ಜಾರಿದಳೆಂದು ಹೇಳಿದಿರಿ, ಅವರು ಹಾಗೇ ಬರೆದುಕೊಂಡರು. ನಾನು ಹಿಂದೆಯೇ ನಿಂತಿದ್ದೆ, ನೋಡಿದೆ. ನೀವು ಮಾಡಿದ್ದು ತಪ್ಪೆನ್ನುವುದಿಲ್ಲ. ಆದರೆ ಒಂದು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಪಂಚರಾಗಿದ್ದೇವೆ. ಆ ಚಪ್ಪಲಿ ದೋಣಿಯಲ್ಲಿದ್ದರೆ ನೀರಿಗೆ ಹಾಕಬೇಡಿ, ಮನೆಗೆ ತನ್ನಿ. ಅವಳಿಗೆ ಏನಾಗಿತ್ತೆಂದು ನಾವಾದರೂ ಕೇಳಬೇಕು. ಉತ್ತರ ಹೇಳುವವಳು ಇಲ್ಲ, ಗೊತ್ತು.