ಕಳ್ಳಿ ಕಾವಲುಗಾರ್ತಿ ಆದದ್ದು

ಪುಟ್ಟೀ,

ಹಾಲು ಕಾಯಿಸಿದ್ದೀನಿ, ಆರಿದ ಮೇಲೆ ಫ್ರಿಜ್ಜಲ್ಲಿಡು.

ದಾಳಗಳನ್ನ ನೆಲದ ಮೇಲೆ ಬಿಡಬೇಡ ಅಂತ ಎಷ್ಟು ಸಲ ಹೇಳೋದು? ಆ ನಾಲ್ಕು ಮುಖದ ಚೂಪು ದಾಳ ಕಾಲಿಗೆ ಚುಚ್ಚಿ ಜೀವ ಹೋಯ್ತು. ನಿನಗೆ ಎಚ್ಚರ ಆಗಬಾರದು ಅಂತ ಕುಂಟ್ಕೊಂಡೇ ಅಡುಗೆಮನೆಗೆ ಹೋದೆ.

ದಾಳ ಹಾಕಿ ಕತೆ ಕಟ್ಟೋ ನಮ್ಮ ಹೊಸ ಆಟಕ್ಕೆ ನೀನು ಬದಲಾಯಿಸಿ ಬರೆದ ನನ್ನ ಪಾತ್ರ ಓದಿದೆ. ಹಳೇ ಆಟದಲ್ಲಿ ನಾನು ಕಳ್ಳಿ. ಹೊಸದರ ನಿಯಮದಲ್ಲಿ ಕಳ್ಳರೇ ಇಲ್ಲ, ನನ್ನ ಕತೆ ಮುಗೀತು ಅಂದ್ಕೊಂಡಿದ್ದೆ. ನೀನು ಅವಳನ್ನೇ ಕಾವಲುಗಾರ್ತಿ ಮಾಡಿದ್ದೀಯ! ಅದೇ ಬೆಕ್ಕಿನ ಹೆಜ್ಜೆ, ಈಗ ಕದಿಯೋಕಲ್ಲ.

"ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊರಡ್ತಾಳೆ. ಮಲಗಿದವರಿಗೆ ಎಚ್ಚರ ಆಗಲ್ಲ."

ಈ ಸಾಲು ಓದಿ ಅಲ್ಲೇ ಕೂತುಬಿಟ್ಟೆ. ದಿನಾ ಬೆಳಗಿನ ಜಾವ ನಾನು ಬೇಕರಿ ಕೆಲಸಕ್ಕೆ ಹೊರಡೋದು ಹೀಗೇ ಅಂತ ನಿನಗೆ ಹೇಗೆ ಗೊತ್ತಾಯ್ತು?

ಈ ಮನೇಲಿ ಕಳ್ಳಿ ನಾನಲ್ಲ, ಕಳ್ಳನಿದ್ದೆ ಮಾಡೋ ನೀನು. ನಾಳೆ ಎದ್ದು ಬಾಗಿಲ ತನಕ ಬಂದು ನನ್ನ ಕಳಿಸಿಕೊಡು. ಚಪ್ಪಲಿ ಮೆಟ್ಕೊಂಡೇ ಹೋಗ್ತೀನಿ.

ಅಮ್ಮ