ಜೋಡಿ ಬಿಟ್ಟು ನಿಲ್ಲದ ಕುದುರೆಗಳು

ಉಲಾನ್‌ಬಾತರ್, ಶುಕ್ರವಾರ

ತಂಗಿಯ ಮಗಳು ಉದ್ವಾಲ್‌ಗೆ ಮಾವನ ಆಶೀರ್ವಾದ.

ನೀನು ಸಾಕಿದ ಎರಡೂ ಕುದುರೆಗಳನ್ನು ಇವತ್ತು ಪರದೇಶದ ಇಬ್ಬರು ಮಂತ್ರಿಗಳಿಗೆ ಉಡುಗೊರೆ ಕೊಟ್ಟಾಯಿತು. ಅವರಿಬ್ಬರ ದೇಶಗಳ ನಡುವೆ ಗಡಿಜಗಳ. ಸಂಧಾನಕ್ಕೆ ಬಂದು ಮೂರು ದಿನವಾದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅದಕ್ಕೇ ಕುದುರೆಗಳನ್ನೂ ಮೈದಾನದ ಎರಡು ತುದಿಯಲ್ಲಿ ನಿಲ್ಲಿಸಿದ್ದರು. ಬೇರೆ ಮಾಡಿದರೆ ರಂಪ ಮಾಡುತ್ತವೆ ಎಂದು ನೀನು ಹೇಳಿದ ಹಾಗೇ ಆಯಿತು. ಕೆಂಚ ಕೆನೆದು ನೆಲ ಕೆರೆದ, ಬೂದ ನೀಲಿ ರೇಷ್ಮೆ ಕಟ್ಟಿದ ಲಗಾಮನ್ನೇ ಕಿತ್ತ. ನಮ್ಮ ಅಧಿಕಾರಿ ಬೆವೆತುಹೋದ.

"ಅಣ್ಣಾ, ಏನಾದ್ರೂ ಮಾಡಿ, ದೇಶದ ಮಾನ ಹೋಗುತ್ತೆ!"

"ಜೋಡಿ ಬಿಟ್ಟು ನಿಲ್ಲಲ್ಲ ಕಣಪ್ಪ ಅವು. ನಿನ್ನ ಮಂತ್ರಿಗಳನ್ನೇ ಹತ್ರ ಕರಿ" ಎಂದೆ.

ಬೇರೆ ದಾರಿಯಿಲ್ಲದೆ ಇಬ್ಬರೂ ಬಂದರು. ಬೂದ ಒಬ್ಬರ ಕೈಯಿಂದ ಸಕ್ಕರೆ ತಿಂದು, ಇನ್ನೊಬ್ಬರ ಕೋಟಿಗೆ ಮೂತಿ ಒರೆಸಿದ. ಇಬ್ಬರೂ ನಕ್ಕುಬಿಟ್ಟರು. ಮಧ್ಯಾಹ್ನ ಒಂದೇ ಮೇಜಿಗೆ ಕೂತರಂತೆ! ಉಪಾಯ ನನ್ನದೇ ಎಂದು ಟೀವಿಯವರಿಗೆ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ.

ಮಂಡಿನೋವು ಕಡಿಮೆಯಾಗಿದೆ. ಇಲ್ಲಿನ ಹಾಲು ಚಹಾ ಮಾತ್ರ ಬರೀ ನೀರು. ಉಡುಗೊರೆ ಕೊಟ್ಟರೂ ನಮ್ಮ ದೇಶದ ರೂಢಿಯಂತೆ ಕುದುರೆಗಳು ನಮ್ಮಲ್ಲೇ ಉಳಿಯುತ್ತವೆ, ತಿಂಗಳ ಕೊನೆಗೆ ಲಾರಿಯಲ್ಲಿ ತರುತ್ತೇನೆ. ಮಂತ್ರಿಗಳು ಇಟ್ಟ ಹೊಸ ಹೆಸರುಗಳು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ನೀನು ಹಳೇ ಹೆಸರು ಹಿಡಿದೇ ಕರೆ, ಇಬ್ಬರೂ ಒಟ್ಟಿಗೇ ಓಡಿ ಬರುತ್ತಾರೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಮಾವ ದಶ್‌ನ್ಯಾಮ್