ಪುಟ್ಟಿ ನಿನ್ನೆ ಅಳಲಿಲ್ಲ

ಮಗಾ,

ಹೊಲಿಗೆ ಅಂಗಡಿಗೆ ಬೇಗ ಹೋಗಬೇಕು, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ. ಹಾಲು ಕಾಯಿಸಿದೆ. ಪುಟ್ಟಿಗೆ ರಜೆ, ತಾನಾಗೇ ಏಳಲಿ, ಎಬ್ಬಿಸಬೇಡ.

ನಿನ್ನೆ ನೀನು ಅವಳ ನೋಟ್‌ಬುಕ್ಕಿನ ಹಾಳೆ ಹರಿದು ಎಸೆದಾಗ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ಮಲಗುವಾಗ ನನ್ನ ಕಿವಿಯಲ್ಲಿ, "ಅಜ್ಜಿ, ನಾನು ದಡ್ಡಿ ಅಂತ ಅಪ್ಪ ಟೀಚರ್‌ಗೂ ಹೇಳ್ಬಿಡ್ತಾರಾ?" ಅಂತ ಕೇಳಿದಳು. ಆರು ವರ್ಷದ ಮಗು ಕಣೋ ಅದು. ನಾಲ್ಕು ಅಕ್ಷರ ತಿರುಗಿಸಿ ಬರೆದರೆ ಏನು ಮುಳುಗಿಹೋಯಿತು?

ಇವತ್ತು ಏನನ್ನೂ ತಿದ್ದಿಸಲು ಕೂರಬೇಡ. ಸ್ಪ್ಯಾನರ್ ಡಬ್ಬಿ ತೆಗೆದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಸೈಕಲ್ ರಿಪೇರಿ ಮಾಡು. ನೂರು ಪ್ರಶ್ನೆ ಕೇಳುತ್ತಾಳೆ, ಗದರಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಸಂಜೆ ಕಥೆ ಪುಸ್ತಕ ನೀನು ಓದು, ಅವಳು ಚಿತ್ರ ನೋಡಿಕೊಂಡು ಕೇಳಲಿ. ಇದಕ್ಕೆಲ್ಲ ಮೊದಲು, ಹಾಳೆ ಹರಿದಿದ್ದಕ್ಕೆ ಅವಳ ಹತ್ತಿರ ಸಾರಿ ಕೇಳು. ಅದರಿಂದ ನೀನೇನೂ ಸಣ್ಣವನಾಗುವುದಿಲ್ಲ.

ನಿನಗೆ ಬುದ್ಧಿ ಹೇಳಲು ನನಗೆ ಬಾಯಿಲ್ಲ, ಗೊತ್ತು. ನೀನು ಎರಡನೇ ಕ್ಲಾಸಿನಲ್ಲಿದ್ದಾಗ, ಓದುತ್ತಾ ತಡವರಿಸಿದೆ ಅಂತ ನೆಂಟರೆದುರಿಗೇ ನಾನು ನಿನ್ನ ಬೆನ್ನಿಗೆ ಬಾರಿಸಿದೆ. ಆವತ್ತಿನಿಂದ ಈವತ್ತಿನವರೆಗೆ ನೀನು ನನ್ನ ಮುಂದೆ ಒಂದು ಸಾಲೂ ಗಟ್ಟಿಯಾಗಿ ಓದಿಲ್ಲ. ನಾನು ಗಮನಿಸಿಲ್ಲ ಅಂದುಕೊಂಡಿದ್ದೀಯ. ಆಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ.

ಆವತ್ತು ನೀನು ಚೆನ್ನಾಗೇ ಓದುತ್ತಿದ್ದೆ, ಮಗಾ.

ಅಮ್ಮ